ಮುಖ ಊದಿಸಿದ ಕೆನಡಾದ ಬೀಗಿತ್ತಿ

ಜರಗನಹಳ್ಳಿ, ಬೆಂಗಳೂರು
೧೧ ಫೆಬ್ರವರಿ ೨೦೦೨, ಸೋಮವಾರ

ಗೆಳೆಯ ತಿರುಮಲೇಶನಿಗೆ ಶಿವರಾಮನ ನಮಸ್ಕಾರಗಳು.

ನಿನ್ನ ಕಣ್ಣಿನ ಕಟ್ಟು ಬಿಚ್ಚಿದರೆಂದು ತಿಳಿದು ಸಂತೋಷವಾಯಿತು. ಪೊರೆ ತೆಗೆದ ಕಣ್ಣನ್ನು ಹೆಚ್ಚು ದಣಿಸಬಾರದಂತೆ, ಆದ್ದರಿಂದ ಈ ಕಾಗದವನ್ನು ಎರಡು ಕಂತಿನಲ್ಲಿ ಓದು. ಆದರೆ ಓದು. ನಾನು ಕ್ಷೇಮ ಎಂದಷ್ಟೇ ಬರೆದರೆ ಸುಳ್ಳಾಗುತ್ತದೆ. ಕ್ಷೇಮಕ್ಕಿಂತ ನಾಲ್ಕು ಮೆಟ್ಟಿಲು ಮೇಲಿದ್ದೇನೆ.

ಶ್ವೇತಳ ಮದುವೆ ಗುರುವಾರ ನಡೆಯಿತು. ನೀನು ಬರೆದ ಕಾಗದದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಧಾರೆ ಎರೆದವರು ಯಾರು? ನನ್ನ ಅಂಜನಮ್ಮ ಹೋದಾಗ ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಜಡೆ ಹಾಕಲು ಕಲಿತದ್ದು, ಜ್ವರ ಬಂದರೆ ಕೂತದ್ದು, ಪ್ರಾಣಿಶಾಸ್ತ್ರ ಓದಿಸಿ ಲೆಕ್ಚರರ್ ಮಾಡಿದ್ದು, ಎಲ್ಲ ನಿನಗೆ ಗೊತ್ತು. ಧಾರೆ ಎರೆಯುವ ಆ ಒಂದು ನಿಮಿಷ ನನಗೆ ಬೇಕಿತ್ತು ಎನ್ನುವುದೂ ಗೊತ್ತು. ಹೆಂಡತಿ ಇಲ್ಲದವನು ಹಸೆಮಣೆಯ ಹತ್ತಿರ ಸುಳಿಯಬಾರದು ಎನ್ನುವ ನಮ್ಮ ಮನೆಯ ಕಟ್ಟಳೆಯೂ ಗೊತ್ತು. ಅದಕ್ಕೇ ಕೇಳಿದ್ದೀಯ. ಹೇಳುತ್ತೇನೆ, ಆದರೆ ಮೊದಲು ಬೀಗರ ವಿಷಯ ಬರೆಯದೆ ಅದು ಅರ್ಥವಾಗುವುದಿಲ್ಲ.

ಹುಡುಗ ಕಾಲಿನ್ ಎಂದು ಹಿಂದೆಯೇ ಬರೆದಿದ್ದೆ. ಪುಟ್ಟೇನಹಳ್ಳಿ ಕೆರೆಯ ಹಕ್ಕಿ ಎಣಿಸಲು ಬಂದವನು, ಅಲ್ಲಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದ ನಮ್ಮ ಹುಡುಗಿಯನ್ನೂ ಎಣಿಸಿಬಿಟ್ಟ. ಇಲ್ಲೇ ಜೆ.ಪಿ. ನಗರದಲ್ಲಿ ಮನೆ ಮಾಡಿದ್ದಾನೆ. ಮದುವೆಗೆ ಅವನ ಕಡೆಯಿಂದ ಬಂದದ್ದು ತಾಯಿ ಡೋರೀನ್ ಒಬ್ಬರೇ. ನೀನು ಬರೆದಿದ್ದೆಯಲ್ಲ, ಕೆನಡಾದವರೆಂದರೆ ಸಾರಿ ಹೇಳುವ ಜನ, ಅವರ ಕಾಲು ನೀನು ತುಳಿದರೂ ಅವರೇ ಕ್ಷಮೆ ಕೇಳುತ್ತಾರೆ, ಅಮೆರಿಕದವನ ಮನೆಯ ಮೆತ್ತಗಿನ ತಮ್ಮ, ಬೆನ್ನುಮೂಳೆಯೇ ಇಲ್ಲ ಎಂದು? ನಿನ್ನ ಭಾವಮೈದ ಟೊರಾಂಟೋದಲ್ಲಿ ಹದಿನೈದು ದಿನ ಇದ್ದು ತಂದ ಜ್ಞಾನ ಅದು. ಫಸ್ಟ್ ಇಂಪ್ರೆಷನ್ ಈಸ್ ದ ಬೆಸ್ಟ್ ಎಂದೋ ಲಾಸ್ಟ್ ಎಂದೋ ಕಾಲೇಜಿನಲ್ಲಿ ಓದಿದ್ದೆವು. ನಿನಗೆ ನೆನಪಿದ್ದರೆ ತಿದ್ದಿಕೋ.

ಮೊದಲ ಮೂರು ದಿನ ನಿನ್ನ ಭಾವಮೈದನೇ ಗೆದ್ದ, ಒಪ್ಪಿಕೊಳ್ಳುತ್ತೇನೆ. ಸಾರಕ್ಕಿ ಮಾರ್ಕೆಟ್ಟಿಗೆ ಹೂವು ತರಲು ಕರೆದುಕೊಂಡು ಹೋದೆ. ಸ್ಕೂಟರಿನವನೊಬ್ಬ ರಾಂಗ್ ಸೈಡಿನಲ್ಲಿ ಬಂದು ಈಯಮ್ಮನ ಮೊಣಕಾಲಿಗೆ ತಾಗಿಸಿದ. ಸಾರಿ ಎಂದವರು ಇವರು. ಅವನು ಉದಾರವಾಗಿ, ‘ಪರ್ವಾಗಿಲ್ಲ ಬಿಡಿ ಆಂಟಿ, ನೋಡ್ಕೊಂಡ್ ಹೋಗಿ’ ಎಂದು ಹೇಳಿ ಹೋದ. ದಾರಿಯಲ್ಲಿ ಮಲಗಿದ್ದ ಹಸುವಿಗೂ ಸಾರಿ ಹೇಳಿ ಸುತ್ತು ಹಾಕಿದರು.

ಊಟದ ಕಥೆ ಇನ್ನೂ ಚೆನ್ನಾಗಿದೆ. ಎಲೆಯಲ್ಲಿ ಬಿಡುವುದು ಅಮರ್ಯಾದೆ ಎಂದು ಅವರು ತಿಳಿದಿದ್ದಾರೆ. ಎಲೆ ಖಾಲಿ ಬಿಡುವುದು ನಮಗೆ ಅಮರ್ಯಾದೆ. ಅವರು ಹೋಳಿಗೆ ಮುಗಿಸುವುದು, ಅಕ್ಕ ನಾಗಲಕ್ಷ್ಮಮ್ಮ ಇನ್ನೊಂದು ಹಾಕುವುದು, ಹೀಗೆ ಐದಾಯಿತು. ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಆ ಹಿಮದಲ್ಲಿ ಏನು ತಾನೇ ಬೆಳೆಯುತ್ತದೆ, ಪಾಪ ಹಸಿದು ಬಂದಿದ್ದಾಳೆ ಎಂದು ಅಕ್ಕ ಕಣ್ಣೊರೆಸಿಕೊಂಡಳು. ಅವರ ಹೊಲ ಸಾವಿರದೈನೂರು ಎಕರೆ, ಎಲ್ಲ ಗೋಧಿ ಎಂದು ನಾನು ಹೇಳಿದೆ. ನಮ್ಮಣ್ಣ ಬೈರಣ್ಣನ ಕೈಯ ತುತ್ತು ಕೈಯಲ್ಲೇ ನಿಂತಿತು. ಜರಗನಹಳ್ಳಿ, ಸಾರಕ್ಕಿ, ಪುಟ್ಟೇನಹಳ್ಳಿ ಮೂರನ್ನೂ ಕೆರೆ ಸಮೇತ ಸೇರಿಸಿದರೂ ಅಷ್ಟಾಗುತ್ತದೋ ಇಲ್ಲವೋ ಎಂದು ಮನಸ್ಸಿನಲ್ಲೇ ಅಳೆಯುತ್ತಾ ಕೂತ.

ಆದರೆ ಹೊಲದಿಂದ ಅವನ ಅನುಮಾನ ಹೋಗಲಿಲ್ಲ, ಹೆಚ್ಚಾಯಿತು. ಈ ಬೀಗರು ಏನೂ ಕೇಳುತ್ತಿಲ್ಲ. ಸೂಟಿಲ್ಲ, ವಾಚಿಲ್ಲ, ಕಾಫಿ ತಣ್ಣಗಾಯಿತೆಂಬ ತಕರಾರಿಲ್ಲ. ಕೊಟ್ಟ ರೂಮು, ಅಂದರೆ ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಬಿಜಾಪುರದ ಹುಡುಗಿ ರಾಜಶ್ರೀಯ ರೂಮಿನ ಅರ್ಧ, ಅದಕ್ಕೂ ಥ್ಯಾಂಕ್ ಯೂ. ಬೈರಣ್ಣ ನನ್ನನ್ನು ತೆಂಗಿನ ಮರದ ಹತ್ತಿರ ಕರೆದು, ‘ಬೀಗ್ರು ಅಂದ್ಮೇಲೆ ಒಂದ್ ಸಲನಾದ್ರೂ ಮುಖ ಊದಿಸ್ಬೇಕಪ್ಪಾ. ಇವ್ರು ಸುಮ್ಕೆ ನಗ್ತಾವ್ರೆ. ಹುಡುಗನಲ್ಲಿ ಏನೋ ಐಬು ಐತೆ’ ಎಂದ. ಅವನ ಮಾತಿಗೂ ಆಧಾರ ಇತ್ತು. ಅವನ ಮದುವೆಯಲ್ಲಿ ನಮ್ಮ ಸೋದರಮಾವ, ಗಂಡಿನ ಕಡೆಯವರಿಗೆ ಹರಿದ ಜಮಖಾನ ಹಾಸಿದರೆಂದು ಚಪ್ಪಲಿ ಮೆಟ್ಟಿ ಬಸ್ ಸ್ಟಾಪಿನಲ್ಲಿ ಕೂತದ್ದು, ಹೆಣ್ಣಿನ ಕಡೆಯವರು ಪಕ್ಕದ ಊರಿನಿಂದ ಹೊಸ ಜಮಖಾನ ತರಿಸಿ ಬಸ್ ಸ್ಟಾಪಿನಿಂದಲೇ ಹಾಸಿಕೊಂಡು ಬಂದದ್ದು, ನೀನೂ ನೋಡಿದವನೇ. ಬೀಗರು ಮುನಿದರೆ ಹೆಣ್ಣಿನವರು ಬಗ್ಗಬೇಕು. ನಮ್ಮಲ್ಲಿ ಇದಕ್ಕೆ ಅಪೀಲಿಲ್ಲ.

ಈಗ ನನ್ನ ತಪ್ಪೊಂದನ್ನು ಬರೆಯಬೇಕು. ಡೋರೀನರ ಗಂಡ ಯಾಕೆ ಬರಲಿಲ್ಲ ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಅಲ್ಲಿ ಹಿಮ ಬಿದ್ದಿದೆ, ದನಕ್ಕೆ ಮೇವು ಹಾಕಲು ಯಾರೂ ಇಲ್ಲ, ಉಳಿದುಕೊಂಡರು ಎಂದೆ. ಎಲ್ಲ ಒಕ್ಕಲುತನ ಮಾಡಿದವರೇ ಆದ್ದರಿಂದ ದನ ಎಂದ ಕೂಡಲೇ ನಂಬಿದರು. ಆದರೆ ಆತ ತೀರಿಕೊಂಡು ಒಂಬತ್ತು ವರ್ಷವಾಗಿದೆ. ನನಗೆ ಗೊತ್ತಿತ್ತು. ನಿಜ ಹೇಳಿದರೆ ಅವರನ್ನು ಹಿಂದಿನ ಸಾಲಿಗೆ ತಳ್ಳುತ್ತಾರೆ, ಅಷ್ಟು ದೂರದಿಂದ ಬಂದ ಹೆಂಗಸು ಮಗನ ಮದುವೆಯನ್ನು ಕಂಬದ ಮರೆಯಿಂದ ನೋಡಬೇಕಾಗುತ್ತದೆ ಎಂದು ಹೆದರಿದೆ. ಅವರಿಗಾಗಿ ಸುಳ್ಳು ಹೇಳುವ ಧೈರ್ಯ ಬಂತು ನೋಡು. ನನಗಾಗಿ ನಿಜ ಹೇಳುವ ಧೈರ್ಯ ಬರಲಿಲ್ಲ.

ಯಾಕೆಂದರೆ ಮದುವೆಗೆ ಎಂಟು ದಿನ ಮುಂಚೆ ಹಜಾರದಲ್ಲಿ ಎಲ್ಲರೂ ಸೇರಿದಾಗ ಅಕ್ಕನೇ ಮಾತು ತೆಗೆದಿದ್ದಳು. ‘ಶಿವೂ, ನೀನು ಹಿಂದೆ ಇರು. ಬೈರ, ಅವನ ಹೆಂಡ್ತಿ ಧಾರೆ ಎರೀಲಿ. ಹಿಂಗೇ ನಡ್ಕೊಂಡ್ ಬಂದಿರೋದು’ ಎಂದಳು. ಇಪ್ಪತ್ತಾರನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಮೂವತ್ತೆಂಟು ವರ್ಷದಿಂದ ನಮ್ಮ ಮನೆಯ ಒಂದು ಮದುವೆಯನ್ನೂ ಉಗ್ರಾಣದ ಬಾಗಿಲು ದಾಟಿ ನೋಡದವಳು ಹೇಳಿದ ಮೇಲೆ ನಾನು ಏನು ಹೇಳಲಿ? ಆಗಲಿ ಎಂದೆ. ಸೈಲೆನ್ಸ್ ಈಸ್ ಹಾಫ್ ಕನ್ಸೆಂಟ್ ಅಂತಾರೆ. ನಾನು ಬಾಯಿ ಬಿಟ್ಟು ಪೂರ್ತಿ ಕನ್ಸೆಂಟೇ ಕೊಟ್ಟೆ. ಶ್ವೇತ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನನಗೇನೂ ಬೇಜಾರಿಲ್ಲಮ್ಮ ಎಂದು ಅವಳಿಗೂ ಸುಳ್ಳು ಹೇಳಿದೆ.

ಇನ್ನು ಗುರುವಾರ. ಕನಕಪುರ ರಸ್ತೆಯ ಛತ್ರ. ಮುಹೂರ್ತ ಒಂಬತ್ತೂ ನಲವತ್ತರಿಂದ ಹತ್ತೂ ಇಪ್ಪತ್ತು. ಡೋರೀನ್ ಮುಂದಿನ ಸಾಲಿನಲ್ಲಿ, ರಾಜಶ್ರೀ ಉಡಿಸಿದ ಹಸಿರು ರೇಷ್ಮೆ ಸೀರೆಯಲ್ಲಿ. ನಾನು ಅಡುಗೆಮನೆಯ ಬಾಗಿಲಲ್ಲಿ, ಪಾಯಸಕ್ಕೆ ದ್ರಾಕ್ಷಿ ಸಾಕೇ ಎಂದು ವಿಚಾರಿಸುತ್ತಾ. ಸುಮ್ಮನೆ ನಿಂತರೆ ಮುಖ ಕಾಣುತ್ತದಲ್ಲ, ಅದಕ್ಕೆ. ಪುರೋಹಿತ ಶಾಮಣ್ಣನವರು ಹೆಣ್ಣಿನ ತಂದೆತಾಯಿ ಸ್ಥಾನದವರು ಬರಬೇಕು ಎಂದರು. ಬೈರಣ್ಣ, ಅತ್ತಿಗೆ ಮಂಟಪ ಹತ್ತಿದರು.

ಆಗ ಡೋರೀನ್ ಎದ್ದರು. ಓಡಲಿಲ್ಲ, ಕೂಗಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ಮಂಟಪ ಹತ್ತಿ, ಮಗನ ಭುಜ ಮುಟ್ಟಿ ಎಬ್ಬಿಸಿ, ಅವನ ಹಸೆಮಣೆಯ ಮೇಲೆ ತಾವೇ ಕೂತು ಕೈ ಕಟ್ಟಿಕೊಂಡರು. ವಾಲಗದವರು ಊದುವುದನ್ನು ನಿಲ್ಲಿಸಿದರು. ಅವರು ಇಂಗ್ಲಿಷಿನಲ್ಲಿ ಏನೋ ಅಂದರು. ಪಕ್ಕದಲ್ಲಿ ನಿಂತ ರಾಜಶ್ರೀ ಅದನ್ನು ತನ್ನ ಬಿಜಾಪುರದ ಕನ್ನಡಕ್ಕೆ ತಂದಳು.

‘ಮಗನ್ನ ಧಾರೀಗೆ ಕುಂಡ್ರಸಂಗಿಲ್ಲ ಅಂತಾರ್ರೀ. ಹುಡುಗಿ ಅಪ್ಪ ಎಲ್ಲಿ ಅಂತ ಕೇಳಾಕತ್ತಾರ.’

ಬೈರಣ್ಣ ಮೆಲ್ಲಗೆ ತಿಳಿಸಿ ಹೇಳಿದ. ತಮ್ಮನಿಗೆ ಹೆಂಡತಿ ಇಲ್ಲ, ಹಾಗಾಗಿ ಮಂಗಳಕಾರ್ಯಕ್ಕೆ ಮುಂದೆ ಬರುವ ಹಾಗಿಲ್ಲ, ಅಣ್ಣನಾಗಿ ತಾನು ಇದ್ದೇನೆ. ರಾಜಶ್ರೀ ಅದನ್ನು ದಾಟಿಸಿದಳು. ಡೋರೀನ್ ಕೇಳಿಸಿಕೊಂಡರು. ಆಮೇಲೆ ಛತ್ರದ ಈ ತುದಿಯಿಂದ ಆ ತುದಿಯವರೆಗೆ ನೋಡಿ, ನಿಧಾನವಾಗಿ, ಒಂದೊಂದೇ ವಾಕ್ಯ ಹೇಳುತ್ತಾ ಹೋದರು. ರಾಜಶ್ರೀ ಒಂದಕ್ಷರ ಬಿಡಲಿಲ್ಲ.

‘ನನ್ನ ಗಂಡ ತೀರಿಕೊಂಡು ಒಂಬತ್ತು ವರ್ಷ ಆತು. ನನ್ನ ಮುಂದಿನ ಸಾಲಿನ್ಯಾಗ ಕುಂಡ್ರಿಸೀರಿ. ತಾಯಿ ಇಲ್ಲದ ಮಗಳನ್ನ ಬೆಳಸಿದವ್ರನ್ನ ಅಡಗಿಮನಿ ಬಾಗಿಲಿಗೆ ನಿಲ್ಲಿಸೀರಿ. ಅವ್ರು ಬರೂತನಾ ನಾ ಏಳಂಗಿಲ್ಲ. ಹಿಂಗಂತಾರ.’

ಹಿಂದಿನಿಂದ ಯಾರೋ, ‘ಗಂಡ ದನ ನೋಡ್ಕೊಳ್ತಾವ್ರೆ ಅಂದಿದ್ದಲ್ಲಪ್ಪಾ ಶಿವರಾಮ’ ಎಂದರು. ಮುನ್ನೂರು ತಲೆ ನನ್ನ ಕಡೆ ತಿರುಗಿತು. ನನ್ನ ಕೈಯಲ್ಲಿ ದ್ರಾಕ್ಷಿಯ ಪೊಟ್ಟಣ. ಎಲ್ಲಿಡುವುದೆಂದು ತಿಳಿಯಲಿಲ್ಲ.

ಬೈರಣ್ಣ ಗಡಿಯಾರ ನೋಡಿದ, ಹತ್ತು ಗಂಟೆ. ಡೋರೀನರ ಮುಖ ನೋಡಿದ. ಅದು ಊದಿತ್ತು. ಸಾಧಾರಣವಾಗಿ ಅಲ್ಲ ತಿರುಮಲೇಶ, ನಮ್ಮ ಸೋದರಮಾವ ಬದುಕಿದ್ದರೆ ಎದ್ದು ನಿಂತು ಗೌರವ ಕೊಡುವಷ್ಟು ಊದಿತ್ತು. ಕಂಬದ ಹತ್ತಿರ ಕೂತಿದ್ದ ಹಳೇ ಮನೆಯ ಮುನಿವೆಂಕಟಮ್ಮಜ್ಜಿ ನೆಮ್ಮದಿಯ ಉಸಿರು ಬಿಟ್ಟು, ‘ಈಗ ಬಂದ್ರು ನೋಡು ಬೀಗ್ರು’ ಎಂದಿತು.

ಅಷ್ಟರಲ್ಲಿ ಉಗ್ರಾಣದ ಬಾಗಿಲಿನಿಂದ ಅಕ್ಕನ ಧ್ವನಿ. ‘ಬೀಗ್ರು ಕೇಳಿದ್ಮೇಲೆ ಇಲ್ಲ ಅನ್ನೋಕೆ ನಾವ್ಯಾರು? ನಮ್ಮ ಮನೇಲಿ ಬೀಗರ ಮಾತು ತೆಗೆದುಹಾಕಿದ್ದು ಉಂಟಾ? ಬೈರಾ, ಕೆಳಗಿಳಿ.’

ಬೈರಣ್ಣ ಶಾಮಣ್ಣನವರ ಕಡೆ ನೋಡಿದ. ಅವರು ದರ್ಭೆ ಸರಿ ಮಾಡಿಕೊಳ್ಳುತ್ತಾ, ತಂದೆ ಬದುಕಿರುವಾಗ ಕನ್ಯಾದಾನಕ್ಕೆ ತಂದೆಯೇ ಮೊದಲ ಅಧಿಕಾರಿ, ಪಕ್ಕದಲ್ಲಿ ಹೆಂಡತಿಯ ಸ್ಥಾನಕ್ಕೆ ದರ್ಭೆಯ ಕೂರ್ಚ ಇಟ್ಟು ಮಾಡಿಸುತ್ತೇನೆ, ನನ್ನನ್ನು ಯಾರು ಕೇಳಿದರು, ನೀವು ಕೊಟ್ಟ ಹೆಸರಿಗೆ ಸಂಕಲ್ಪ ಹೇಳಲು ಬಂದವನು ನಾನು ಎಂದುಬಿಟ್ಟರು. ಮೂವತ್ತೆಂಟು ವರ್ಷದ ಕಟ್ಟಳೆ ತಿರುಮಲೇಶ, ಯಾರೂ ಕೇಳದೇ ಇದ್ದದ್ದಕ್ಕೆ ನಿಂತಿತ್ತು.

ಬೈರಣ್ಣ ಕೆಳಗಿಳಿದು ಬಂದ. ಬೈಯುತ್ತಾನೆ ಅಂದುಕೊಂಡೆ. ಹೆಗಲ ಮೇಲಿದ್ದ ಜರಿ ಶಲ್ಯ ತೆಗೆದು ನನಗೆ ಹೊದಿಸಿ, ದ್ರಾಕ್ಷಿ ಪೊಟ್ಟಣ ಕಿತ್ತುಕೊಂಡು, ‘ನನಗೂ ಒಳಗೊಳಗೇ ಕಚ್ತಾ ಇತ್ತು ಕಣೋ. ಹೋಗು, ಹೊತ್ತಾಯ್ತು’ ಎಂದ. ನನ್ನ ಜೀವಮಾನದಲ್ಲಿ ಆ ಛತ್ರದ ನಡುದಾರಿಯಷ್ಟು ಉದ್ದದ ದಾರಿ ನಡೆದಿಲ್ಲ. ಎರಡೂ ಪಕ್ಕದ ಕುರ್ಚಿಗಳಿಂದ ಜನ ಕಾಲು ಎಳೆದುಕೊಂಡು ಜಾಗ ಬಿಟ್ಟರು. ಡೋರೀನ್ ಎದ್ದು ಸೀರೆ ಕೊಡವಿ ಮಗನನ್ನು ಕೂರಿಸಿದರು.

ಶ್ವೇತಳ ಕೈ, ಕಾಲಿನ್‌ನ ಕೈ, ಅದರ ಮೇಲೆ ತೆಂಗಿನಕಾಯಿ. ನಾನು ಚೊಂಬು ಬಗ್ಗಿಸಿದೆ. ಹಾಲು ಕಾಯಿಯ ಮೇಲಿಂದ ಇಳಿದು ನಾಲ್ಕು ಅಂಗೈಗಳಲ್ಲಿ ತುಂಬಿ ಹರಿಯಿತು. ನನಗೆ ಏನೂ ಕಾಣುತ್ತಿರಲಿಲ್ಲ. ಮಗಳು ಮೆಲ್ಲಗೆ, ‘ಅಪ್ಪಾ, ನಿಧಾನ, ಚೆಲ್ತಿದೆ’ ಎಂದಳು. ಚೆಲ್ಲಲಿ ಬಿಡು ಎಂದೆ. ವಾಲಗದವರು ಗಟ್ಟಿಮೇಳ ಹೊಡೆದದ್ದು ಪುಟ್ಟೇನಹಳ್ಳಿಗೆ ಕೇಳಿಸಿರಬೇಕು.

ಕೆಳಗಿಳಿದು ಡೋರೀನರಿಗೆ ಕೃತಜ್ಞತೆ ಹೇಳಲು ಹೋದೆ. ಬಿ.ಎ. ಮಾಡಿದಾಗ ಬಾಯಿಪಾಠ ಮಾಡಿದ ಇಂಗ್ಲಿಷೆಲ್ಲ ಒಂದೇ ಬಾಗಿಲಿಗೆ ನುಗ್ಗಿ ಸಿಕ್ಕಿಕೊಂಡಿತು. ಕಡೆಗೆ ಹೊರಬಂದದ್ದು ಮೆನಿ ಹ್ಯಾಪಿ ರಿಟರ್ನ್ಸ್ ಆಫ್ ದ ಡೇ. ಅವರು ಬಹಳ ಗಂಭೀರವಾಗಿ, ಸೇಮ್ ಟು ಯೂ ಎಂದರು. ಇನ್ನೇನು ಬೇಕು?

ಮಾರನೆಯ ದಿನ ಬೀಗರ ಔತಣದಲ್ಲಿ ಡೋರೀನ್ ಅಕ್ಕನನ್ನು ಉಗ್ರಾಣದಿಂದ ಕೈಹಿಡಿದು ತಂದು ತಮ್ಮ ಪಕ್ಕದ ಎಲೆಗೆ ಕೂರಿಸಿಕೊಂಡರು. ಯಾರೂ ತುಟಿ ಎರಡು ಮಾಡಲಿಲ್ಲ. ಬೈರಣ್ಣನೇ ಬಡಿಸಿದ. ಈಗ ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ, ನಮ್ಮ ಬೀಗರೆಂದರೆ ಸಾಮಾನ್ಯದವರಲ್ಲ, ಸಾವಿರದೈನೂರು ಎಕರೆಯ ಠೇಂಕಾರ ಎಂದು. ನಿನ್ನ ಭಾವಮೈದನಿಗೆ ತಿಳಿಸು, ಬೆನ್ನುಮೂಳೆ ಇದೆ. ಸಣ್ಣಪುಟ್ಟದ್ದಕ್ಕೆಲ್ಲ ಸಾರಿ ಹೇಳಿ ಉಳಿಸಿಟ್ಟುಕೊಂಡಿರುತ್ತಾರೆ ಅಷ್ಟೆ.

ಕಣ್ಣು ಜೋಪಾನ. ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು.

ಮಗಳ ಧಾರೆ ಎರೆದವನು,
ನಿನ್ನ ಶಿವರಾಮ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯುತ್ತೇನೆ. ಡೋರೀನ್ ಈಗ ತಾನೇ ವಿಮಾನಕ್ಕೆ ಹೊರಟರು. ಗೇಟಿನಲ್ಲಿ ಅಕ್ಕನ ಎರಡೂ ಕೈ ಹಿಡಿದು ಸಾರಿ, ಸಾರಿ ಎಂದರು. ಯಾತಕ್ಕೆ ಎಂದು ನಾನು ಕೇಳಿದೆ. ರಾಜಶ್ರೀ ನಗು ತಡೆಯಲಾರದೆ ಹೇಳಿದಳು, ‘ಅಕ್ಕಾರು ಕಲಿಸಿಕೊಟ್ಟಿದ್ರಾಗ ಒಂದ್ ಮಾತು ಮರತೆ ಅಂತಾರ್ರೀ.’ ಮದುವೆಯ ಹಿಂದಿನ ಮಧ್ಯಾಹ್ನ ನಮ್ಮಕ್ಕ ಮಹಡಿ ಹತ್ತಿ ಹೋಗಿ, ರಾಜಶ್ರೀಯ ಬಾಯಿಂದ ಹೇಳಿಸಿ, ನಿನ್ನ ಹಾಗೆ ನಾನೂ ವಿಧವೆ, ಆದರೆ ಹೆಣ್ಣಿನ ಕಡೆಯವಳು, ಬಾಯಿ ಬಿಟ್ಟರೆ ನಡೆಯುವುದಿಲ್ಲ, ನೀನು ಗಂಡಿನ ಕಡೆಯವಳು, ನಿನ್ನ ಮಾತನ್ನು ಯಾರೂ ತೆಗೆದುಹಾಕುವ ಹಾಗಿಲ್ಲ ಎಂದು ಹೇಳಿ, ಹಸೆಮಣೆಯ ಮೇಲೆ ಹೇಗೆ ಕೂರಬೇಕು, ಕೈ ಹೇಗೆ ಕಟ್ಟಬೇಕು ಎಂದು ಎರಡೆರಡು ಸಲ ಕೂತು ತೋರಿಸಿದ್ದಳಂತೆ. ಯಾರಿಗೂ ಅನುಮಾನ ಬರದಿರಲೆಂದು ಜೊತೆಗೆ ಒಂದು ಬೆಳ್ಳಿ ಚೊಂಬನ್ನೂ ಕೇಳು ಎಂದಿದ್ದಳಂತೆ. ಡೋರೀನ್ ಮರೆತದ್ದು ಚೊಂಬನ್ನು. ಅವರಿಗೂ ಗಂಡನಿಲ್ಲವೆಂದು ನಿನಗೆ ಹೇಗೆ ಗೊತ್ತಾಯಿತು ಎಂದು ಅಕ್ಕನನ್ನು ಕೇಳಿದೆ. ನನಗೆ ತಿಳಿಯಲ್ವಾ ಎಂದಷ್ಟೇ ಅಂದು ಒಳಗೆ ಹೋದಳು.