ಮೂರನೇ ಬ್ಲಾಕಿನ ಪ್ರಮಾಣಪತ್ರ

ಟಪಾಲು ವಿಭಾಗ, ಮೂರನೇ ಬ್ಲಾಕ್, ರಾಜಧಾನಿ
ಗುರುವಾರ, ಹನ್ನೊಂದನೇ ತಾರೀಖು

ಪ್ರೀತಿಯ ಅಣ್ಣಾ,

ಕಾಲಿನ ಪ್ಲಾಸ್ಟರ್ ಬಿಚ್ಚಿದರೇ? ಅಕ್ಕನ ಮನೆಯಲ್ಲಿ ಕೂತು ಕೂತು ನಿನಗೆ ಹೊಟ್ಟೆ ಬಂದಿರಬೇಕು. ಅವಳ ಉಪಚಾರಕ್ಕೆ ಸಿಕ್ಕವರು ಬೇಗ ಎದ್ದು ನಡೆಯಲು ಮನಸ್ಸು ಮಾಡುವುದಿಲ್ಲ. ನಾನು ಚೆನ್ನಾಗಿದ್ದೇನೆ ಎಂದೇ ಇಟ್ಟುಕೋ.

ಈ ಕಚೇರಿಗಳ ಸಾಲು ನಿನಗೆ ಗೊತ್ತಲ್ಲ, ಯಾರು ಯಾವ ಮೆಟ್ಟಿಲು ಹತ್ತಿದರು ಎಂದು ಎದುರಿನ ಎಲ್ಲ ಕಿಟಕಿಗಳಿಗೂ ತಿಳಿಯುತ್ತದೆ. ಎಂಟು ವರ್ಷದಲ್ಲಿ ಒಮ್ಮೆಯೂ ತಲೆಯೆತ್ತಿ ನೋಡದ ಸೂಪರಿಂಟೆಂಡೆಂಟರು ಈಗ ದಿನಾ ನನ್ನ ಮೇಜಿನ ಬಳಿ ನಿಂತು, "ಅಣ್ಣ ಹೇಗಿದಾರಮ್ಮ, ಯಾವಾಗ ಬರ್ತಾರೆ?" ಎನ್ನುತ್ತಾರೆ. ಇನ್ನೂ ತಿಂಗಳಾಗಬಹುದು ಎಂದರೆ ಅವರ ಮುಖದಲ್ಲಿ ನೆಮ್ಮದಿ. ಮುರಿದ ಕಾಲಿನ ಸುದ್ದಿಗೆ ಹೀಗೆ ಹಗುರಾಗುವವರನ್ನು ನಾನು ಕಂಡಿರಲಿಲ್ಲ.

ನನ್ನ ಹಿಂದಿನ ಗೋಡೆಯ ಬಿರುಕಿನ ತುದಿಗೆ, ಕಟ್ಟಡದ ತಪಾಸಣೆಗೆ ಬಂದಾಗ, ನೀನೇ ಬಳಪದಲ್ಲಿ ಗೆರೆ ಎಳೆದು, ಇದನ್ನು ದಾಟಿದರೆ ಹೇಳು ಎಂದಿದ್ದೆ. ಅದು ಗೇಣುದ್ದ ದಾಟಿದೆ. ಶನಿವಾರ ಬಣ್ಣ ಬಳಿದು ಮೇಲೊಂದು ಕ್ಯಾಲೆಂಡರ್ ತೂಗುಹಾಕಿದರು. ಎದುರಿನ ಕಟ್ಟಡದ ನಾನೂರು ಜನರನ್ನೂ ನಮ್ಮ ಬ್ಲಾಕಿಗೇ ತುಂಬುತ್ತಾರಂತೆ. ಮೊನ್ನೆ ಆ ಕಡತ ಟಪಾಲಿನಲ್ಲಿ ನನ್ನ ಕೈಗೇ ಬಂತು. ಕಟ್ಟಡ ಭದ್ರವಾಗಿದೆ ಎಂಬ ಎಂಜಿನಿಯರರ ಪ್ರಮಾಣಪತ್ರ. ಕೆಳಗೆ ನಿನ್ನ ಸಹಿ, ಹೋದ ವಾರದ ತಾರೀಖು. ನೀನು ಮಂಚ ಹಿಡಿದು ಎರಡು ತಿಂಗಳಾಯಿತು. ನಾನು ಓದುವುದನ್ನು ಕಂಡ ಮುದುಕ ಜವಾನ ಮೆಲ್ಲಗೆ, "ಓದಬೇಡ ತಾಯಿ, ಮುದ್ರೆ ಒತ್ತಿ ಕಳಿಸಿಬಿಡು" ಎಂದ. ಅವನಿಗೂ ಗೊತ್ತು ಎಂದಾಯಿತು.

ಜೆರಾಕ್ಸ್ ಮಾಡಿಸಿ ಚೀಲದಲ್ಲಿಟ್ಟುಕೊಂಡಿದ್ದೇನೆ. ಅಂದಿನಿಂದ ಲಿಫ್ಟಿನವನು ಯಾವ ಮಹಡಿ ಎಂದು ಕೇಳಿದರೂ ಚೀಲವನ್ನು ಅವಚಿಕೊಳ್ಳುತ್ತೇನೆ. ನಿನ್ನ ಹೆಸರನ್ನು ಹೀಗೆ ಬಳಸಿಕೊಂಡವರನ್ನು ಬಿಡುವುದಿಲ್ಲ. ಊಟದ ಬಿಡುವಿನಲ್ಲಿ ಜಾಗೃತ ದಳದ ಕಚೇರಿಗೆ ಹೋಗುತ್ತೇನೆ.

ಭಾವನಿಗೆ ನಮಸ್ಕಾರ, ಅಕ್ಕನ ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಒಂದೊಂದು ಮುತ್ತು. ಕಾಲು ಜೋಪಾನ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ದೂರು ಕೊಟ್ಟೆ. ಸಹಿ ಖೋಟಾ ಎಂದು ಬರೆದು ನನ್ನ ಹೆಸರು ಹಾಕಿದೆ. ಹೊರಬಂದು ಅಕ್ಕನಿಗೆ ಫೋನ್ ಮಾಡಿದೆ. ಹೋದ ವಾರ ನಮ್ಮ ಸೂಪರಿಂಟೆಂಡೆಂಟರು ಹಣ್ಣು ಹಿಡಿದು ಅಲ್ಲಿಗೆ ಬಂದಿದ್ದರಂತೆ, ಒಂದು ಗಂಟೆ ನೀವಿಬ್ಬರೂ ಬಾಗಿಲು ಹಾಕಿಕೊಂಡು ಮಾತಾಡಿದಿರಂತೆ. ದೂರನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ ಅಣ್ಣಾ. ಸಹಿ ನಿನ್ನದೇ ಆಗಿದ್ದರೆ, ದಳದವರು ಬಂದು ಕೇಳುವ ಮೊದಲು ನೀನೇ ಹೋಗಿ ಹೇಳಿಬಿಡು.