ಜಡೆ ಕಟ್ಟುವವರು ಯಾರು

3 ಮಾರ್ಚ್ 2019, ಸೋಲೂರು

ಬೆಳಗಿನ ಬಸ್ಸಿಗೆ ಜಡೆ ಹೋಯಿತು. ಒದ್ದೆ ಬಟ್ಟೆ ಸುತ್ತಿ, ರಟ್ಟಿನ ಡಬ್ಬದಲ್ಲಿಟ್ಟು, ಕಂಡಕ್ಟರ್ ಕೈಗೆ ಕೊಟ್ಟು ಬಂದೆ. ನೆಲಮಂಗಲದಲ್ಲಿ ಮದುವಣಗಿತ್ತಿಯ ಅಣ್ಣ ಬಂದು ಇಳಿಸಿಕೊಳ್ಳುತ್ತಾನಂತೆ.

ಪ್ರತಿಮಾ ಕಟ್ಟುತ್ತಾಳೆ. ನಾನು ಫೋಟೊ ತೆಗೆದು ಇನ್‌ಸ್ಟಾಗ್ರಾಂಗೆ ಹಾಕುತ್ತೇನೆ. ಮೈದುನನ ಹೆಂಡತಿ... ಮೈದುನನೇ ಇಲ್ಲ ಈಗ. ಬೇರೆ ಏನೆಂದು ಬರೆಯಲಿ? ಬಿಡದಿಯ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬೈಕಿನಲ್ಲಿ ಬರುವಾಗ ಮಹೇಂದ್ರ ಹೋದದ್ದು ಹೋದ ವರ್ಷ. ಅವಳಿಗೊಂದು ದುಡಿಮೆ ಬೇಕಿತ್ತು. ಕೈಗೆ ಬರುತ್ತಿದ್ದದ್ದು ಮೊಗ್ಗಿನ ಜಡೆ. ಬಾಳೆಪಟ್ಟೆಯ ಮೇಲೆ ಸೂಜಿಯಲ್ಲಿ ಒಂದೊಂದೇ ಮೊಗ್ಗು ಹೊಲಿಯುತ್ತಾಳೆ — ಮದುವೆಯ ಹುಡುಗಿಯರಿಗೆ, ಬಸುರಿಯರಿಗೆ.

ಗಂಡ ಸತ್ತವಳು ಕಟ್ಟಿದ್ದೆಂದು ಕೊಳ್ಳುವವರಿಗೆ ಗೊತ್ತಿಲ್ಲ. ಪೇಜಿನಲ್ಲಿ ಜಡೆ ಇದೆ, ಅವಳ ಬೆರಳುಗಳಿವೆ. ಮುಖ ಇಲ್ಲ. ಮುಚ್ಚಿಡೋಣವೆಂದು ಮಾತಾಡಿಕೊಂಡದ್ದಲ್ಲ. ಹಾಗೇ ಆಯಿತು.

7 ಮಾರ್ಚ್, ಸಂಜೆ

ಪೇಜನ್ನು ಬಿಜಿನೆಸ್ ಅಕೌಂಟ್ ಮಾಡಿದೆ. ಅತ್ತೆ ಹೊಸ್ತಿಲಾಚೆ ಕೂತಿದ್ದರು. ಮಾವ ಹೋದಾಗಿನಿಂದ ಅವರು ಹೂವಿನ ಹತ್ತಿರ ಸುಳಿಯುವುದಿಲ್ಲ. ಪ್ರತಿಮಾಗೂ ಈ ಕೆಲಸ ಬೇಡವೆಂದೇ ಹೇಳಿದ್ದರು.

"ಅಕೌಂಟು ಅಂದ್ರೆ ಬ್ಯಾಂಕ್ನೋರು ಬತ್ತಾರೇನವ್ವ?"

"ಇಲ್ಲ ಅತ್ತೆ. ಎಷ್ಟು ಜನ ನೋಡಿದ್ರು, ಯಾವ ಊರೋರು ನೋಡಿದ್ರು ಅಂತ ತೋರಿಸುತ್ತೆ."

"ಯಾಕ್ ನೋಡಿದ್ರು ಅಂತ ತೋರ್ಸಾಕಿಲ್ವಾ?"

ಪ್ರತಿಮಾ ನಕ್ಕಳು. ಸದ್ದು ಬರುವಂತೆ. ನಾನು ಫೋನಿನಿಂದ ತಲೆ ಎತ್ತಲಿಲ್ಲ, ನೋಡಿದರೆ ನಿಲ್ಲಿಸಿಬಿಡುತ್ತಾಳೇನೋ ಎಂದು.

21 ಮಾರ್ಚ್

ಅಮ್ಮನ ಬಳಿ ಒಂದು ಸ್ಟುಡಿಯೊ ಫೋಟೊ ಇತ್ತು. ನಾನು ಹೊಟ್ಟೆಯಲ್ಲಿದ್ದಾಗಿನದು. ಬೆನ್ನ ಹಿಂದೆ ಕನ್ನಡಿ. ಮುಖವೂ ಕಾಣುತ್ತದೆ, ಜಡೆಯೂ ಕಾಣುತ್ತದೆ. ಅದೇ ತರ ತೆಗೆಯಬೇಕೆನ್ನಿಸಿತು. ಟೈಫಾಯ್ಡ್ ಆದಮೇಲೆ ನನಗೆ ಕೂದಲೇ ಇಲ್ಲ. ಪ್ರತಿಮಾಳಿಗೇ ಮುಡಿಸಿ ಬೀರುವಿನ ಕನ್ನಡಿಯ ಎದುರು ನಿಲ್ಲಿಸಿದೆ. ಬೆನ್ನು ನನ್ನ ಕಡೆಗೆ.

"ಅಕ್ಕ, ನಾನು ಮುಡೀಬೌದಾ?"

"ಅಳತೆ ನೋಡೋಕೆ ದಿನಾ ಮುಡೀತೀಯಲ್ಲ."

"ಅದು ಅಳ್ತೆಗೆ."

ಕನ್ನಡಿಯಲ್ಲಿ ಅವಳ ಅರ್ಧ ಮುಖ ಬಂದಿತ್ತು. ಬೊಟ್ಟಿಲ್ಲದ ಹಣೆ, ಈಚೆ ಬೆನ್ನ ಮೇಲೆ ಇಳಿದ ಮಲ್ಲಿಗೆ. ತೋರಿಸಿದೆ. ಬಹಳ ಹೊತ್ತು ನೋಡಿದಳು. ಹಾಕಿ ಎಂದಳು.

ಕವಿತೆ ಓದುವ ಚಟದವಳು ನಾನು. ಫೋಟೊ ಕೆಳಗೆ ಸದಾ ಎರಡು ಸಾಲು ಬರೆಯುತ್ತೇನೆ. ಇವತ್ತು ಏನೂ ಬರೆಯದೆ ಹಾಕಿದೆ.

29 ಮಾರ್ಚ್

ಆ ಫೋಟೊ ಎಲ್ಲೆಲ್ಲಿಗೋ ಹೋಗಿದೆ. ರಾಮನಗರ, ಕನಕಪುರ, ಬೆಂಗಳೂರು. ಕನಕಪುರದ ಮದುವೆಯೊಂದಕ್ಕೆ ಆರ್ಡರ್ ಬಂತು, ಮುಂದಿನ ತಿಂಗಳು. ಇಷ್ಟು ದೊಡ್ಡ ಜಡೆ ಯಾರೂ ಕೇಳಿರಲಿಲ್ಲ.

20 ಏಪ್ರಿಲ್, ಮಧ್ಯಾಹ್ನ

ಜಡೆ ಅರ್ಧ ಆಗಿತ್ತು. ಕನಕಪುರದ ಹುಡುಗಿಯ ತಾಯಿ ಫೋನ್ ಮಾಡಿದರು.

"ಮೇಡಂ, ಜಡೆ ಕಟ್ಟೋರು ಯಾರು? ಆ ಕನ್ನಡೀಲಿ ಕಾಣ್ತದಲ್ಲ, ಆಯಮ್ಮನಾ?"

ಹೌದೆಂದೆ.

"ನಮ್ ತಂಗೀನ ಸೋಲೂರಿಗೇ ಕೊಟ್ಟಿರೋದು. ಅವ್ಳು ಗುರ್ತು ಹಿಡಿದ್ಲು. ತಪ್ಪು ತಿಳ್ಕಬ್ಯಾಡಿ, ನಂಗೇನೂ ಇಲ್ಲ ಕಣ್ರೀ. ಗಂಡಿನ ಕಡೆಯೋರಿಗೆ ಗೊತ್ತಾಗ್ಬುಟ್ರೆ... ಬ್ಯಾಡ ಬುಡಿ."

ಸ್ಪೀಕರ್ ಹಾಕಿದ್ದೆ. ಪ್ರತಿಮಾಳ ಕೈಯಲ್ಲಿ ಸೂಜಿ ಇತ್ತು. ಆ ಮೊಗ್ಗನ್ನು ಹೊಲಿದು, ದಾರ ಕಚ್ಚಿ ತುಂಡು ಮಾಡಿ, ಎದ್ದು ಹೋದಳು.

ಅದೇ ದಿನ, ಸಂಜೆ

ಇವರು ಅಂಗಡಿ ಮುಚ್ಚಿಕೊಂಡು ಬಂದರು. ಎಲ್ಲ ಕೇಳಿದ ಮೇಲೆ, "ಸುಲಭ ಐತೆ. ಕಟ್ಟೋಳು ನೀನು ಅಂತ ಹಾಕು. ನಿನ್ ಹೆಸ್ರು, ನಿನ್ ಮುಖ. ಅವ್ಳು ಒಳಗೆ ಕಟ್ಕೊಂಡಿರ್ಲಿ" ಎಂದರು. ಕೆಟ್ಟ ಮನಸ್ಸಿನಿಂದಲ್ಲ. ನನಗೂ ಸರಿ ಎನ್ನಿಸಿತು. ಒಂದು ಗಳಿಗೆ.

ಅತ್ತೆ ಹೊಸ್ತಿಲಾಚೆಯಿಂದಲೇ ಹೇಳಿದರು. "ನಾ ಮೊದ್ಲೇ ಬ್ಯಾಡ ಅಂದಿದ್ದು ಶಾಸ್ತ್ರಕ್ಕಲ್ಲ ಕಣವ್ವ. ಯಾವ ಮನೇಲಾದ್ರೂ ಒಸಿ ಹೆಚ್ಚುಕಮ್ಮಿ ಆಗ್ಲಿ, ಈ ಹುಡ್ಗಿ ತಲೆಗೆ ಕಟ್ಬುಡ್ತಾರೆ. ನಂಗೆ ಕಟ್ಟಿದ್ರು."

ಯಾರ ಮನೆ, ಯಾವಾಗ — ಹೇಳಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೇವೆ.

21 ಏಪ್ರಿಲ್

ಹೊಲಿದಿದ್ದ ಮೊಗ್ಗುಗಳು ಅರಳಿಬಿಟ್ಟಿವೆ. ಮನೆಯೆಲ್ಲ ಘಮ. ಮದುವೆ ಮನೆಯ ಘಮ. ಪ್ರತಿಮಾ ಊಟಕ್ಕೆ ಏಳಲಿಲ್ಲ.

4 ಮೇ

ಇವತ್ತು ಅವಳೇ ಬಂದು ಪಕ್ಕ ಕೂತಳು.

"ಭಾವ ಹೇಳಿದ್ದು ಕೇಳಿಸ್ಕಂಡೆ. ಕೈ ನಂದು, ಹೆಸ್ರು ನಿಮ್ದಾ ಅಕ್ಕ?"

ಫೋನು ತಂದು ನನ್ನ ಕೈಗಿಟ್ಟಳು.

"ಬರೀರಿ. ನಾ ಹೇಳ್ದಂಗೇ. ಕಟ್ಟೋರು ಪ್ರತಿಮಾ, ಗಂಡ ತೀರ್ಕೊಂಡವ್ರೆ, ಪರ್ವಾಗಿಲ್ಲ ಅನ್ನೋರು ಮಾತ್ರ ಹೇಳಿ ಅಂತ."

"ಯಾರೂ ಕೇಳದಿದ್ರೆ?"

"ಗಾರ್ಮೆಂಟ್ಸಿಗೆ ಹೋಯ್ತೀನಿ. ಯಾರೋ ಫೋನ್ ಮಾಡಿ ಹಣೇಲಿ ಬೊಟ್ಟೈತಾ ಅಂತ ಕೇಳೋದು ಬ್ಯಾಡ, ಅಷ್ಟೆ. ನಾನೇ ಮೊದ್ಲು ಹೇಳ್ಬುಡ್ತೀನಿ."

ಪುಸ್ತಕದ ಭಾಷೆಗೆ ಒಸಿ ತಿದ್ದಿದೆ, ಇನ್ನೇನೂ ಸೇರಿಸಲಿಲ್ಲ. ಕನ್ನಡಿಯ ಫೋಟೊ ಕೆಳಗೆ ಹಾಕಿದೆ. ಪೇಜಿನ ನೆತ್ತಿಯ ಮೇಲೂ. ಇವರು ಓದಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

9 ಮೇ

ಜಡೆ ಕೇಳಿದ್ದ ಮಾಗಡಿಯವರು ಬೇಡವೆಂದರು. ಚನ್ನಪಟ್ಟಣದವರು ಉತ್ತರವನ್ನೇ ಕೊಡಲಿಲ್ಲ. ಯಾರೋ ಒಬ್ಬ, "ಸಿಂಪತಿ ಮಾರ್ಕೆಟಿಂಗ್" ಎಂದು ಬರೆದಿದ್ದಾನೆ. ಅಳಿಸಹೋದೆ. "ಇರ್ಲಿ ಬುಡಿ" ಎಂದಳು. ಗಾರ್ಮೆಂಟ್ಸಿನ ವ್ಯಾನು ಎಷ್ಟು ಹೊತ್ತಿಗೆ ಬರುತ್ತದೆಂದು ಎದುರುಮನೆಯ ರಮ್ಯಾಳನ್ನು ವಿಚಾರಿಸಿ ಬಂದಿದ್ದಾಳೆ.

16 ಮೇ, ಬೆಳಿಗ್ಗೆ

ಮೆಸೇಜ್. ಹೆಸರು ಗೊತ್ತಿಲ್ಲದ ಹುಡುಗಿ. "ಪ್ರೈಸ್ ಪ್ಲೀಸ್?"

ಅಷ್ಟೇ. ನಮಸ್ಕಾರವಿಲ್ಲ, ಹೊಗಳಿಕೆ ಇಲ್ಲ. ಪ್ರತಿಮಾಳನ್ನು ಕೂಗಿದೆ. ಕೈ ಒರೆಸಿಕೊಳ್ಳುತ್ತ ಬಂದಳು.

"ರೇಟ್ ಹೇಳ್ಬ್ಯಾಡಿ. ಮೇಲೆ ಬರೆದಿರೋದು ಓದವ್ರಾ ಕೇಳಿ."

ಬೇಡ ಎನ್ನಿಸಿತು. ಬಂದದ್ದೊಂದು, ಅದೂ ಹೋಗಿಬಿಟ್ಟರೆ? ಅವಳು ಕದಲಲಿಲ್ಲ. ಕೇಳಿದೆ. ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು — ಆಚೆಯಲ್ಲ, ಮೇಲೆ.

ಉತ್ತರ ಬಂತು. "ಓದಿದೆ. ನನ್ನ ಕೂದಲು ತುಂಬ ಗಿಡ್ಡ, ಜಡೆ ನಿಲ್ಲುತ್ತಾ?"

ಪ್ರತಿಮಾ ಫೋನು ಇಸಿದುಕೊಂಡು ಎರಡು ಸಲ ಓದಿದಳು. "ಚೌರಿ ಸೇರ್ಸಿದ್ರೆ ನಿಲ್ತದೆ ಅನ್ನಿ. ಎಷ್ಟು ಗಿಡ್ಡ ಅಂತ ಫೋಟೊ ಕಳ್ಸಕ್ಕೇಳಿ. ಮದ್ವೆ ಯಾವತ್ತಂತೆ? ಅಕ್ಕ, ಮೊಗ್ಗಿಗೆ ಹೂವಿನ ಗಂಗಯ್ಯಂಗೆ ಈಗ್ಲೇ ಹೇಳ್ಬೇಕು, ಆಮೇಲೆ ಸಿಗಾಕಿಲ್ಲ—"

ಬರೆಯುವುದು ಸಾಕು. ಪ್ರತಿಮಾ ಒಳಗಿನಿಂದ ಕೂಗುತ್ತಿದ್ದಾಳೆ.