ಕೊರಳು ಬಿಟ್ಟುಹೋದ ಹಿರಿಯಾಕೆಗೆ

ಬೆಳಗಾವಿ,
ಶ್ರಾವಣ ಮಾಸ, ೧೯೨೬

ತೀರಿಹೋದ ರಾಜಮತಿಯಕ್ಕನಿಗೆ,

ನಿನ್ನ ಮನೆಯಲ್ಲಿ, ನಿನ್ನ ಒಲೆಯ ಮುಂದೆ, ನೀನು ಬಿಟ್ಟುಹೋದ ಮಣೆಯ ಮೇಲೆ ಕೂತು ನಿನ್ನ ತಂಗಿ ಶಾಂತಮ್ಮ ಬರೆಯುವ ಕಾಗದ. ತಂಗಿ ಎಂದು ನನ್ನಷ್ಟಕ್ಕೆ ನಾನೇ ಅಂದುಕೊಂಡದ್ದು. ಓಣಿಯವರು ಸವತಿ ಎನ್ನುತ್ತಾರೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನಾನು ಈ ಹೊಸ್ತಿಲು ತುಳಿಯುವ ಹೊತ್ತಿಗೆ ನೀನು ಬಾಣಂತಿತನದಲ್ಲೇ ಕಣ್ಣು ಮುಚ್ಚಿ ತಿಂಗಳು ಕಳೆದಿತ್ತು.

ಸತ್ತವರಿಗೆ ಕಾಗದ ಬರೆಯುವುದು ಹುಚ್ಚುತನ ಎಂದು ನನಗೂ ಗೊತ್ತು. ಹೋದ ಯುಗಾದಿಯ ತನಕ ಅದರ ಅಗತ್ಯವೂ ಬಿದ್ದಿರಲಿಲ್ಲ. ನೀನು ನನ್ನ ಕೊರಳಲ್ಲೇ ಇದ್ದೆ. ಹೇಳಬೇಕಾದದ್ದನ್ನು ತಲೆ ಬಗ್ಗಿಸಿ ಪಿಸುಗುಟ್ಟಿದರೆ ಮುಗಿಯುತ್ತಿತ್ತು. ಈಗ ನೀನು ಖಾನಾಪುರದಲ್ಲಿ ನಿನ್ನವ್ವನ ಹತ್ತಿರ ಇದ್ದೀಯ. ನನ್ನ ಪಿಸುಮಾತು ಅಲ್ಲಿಯವರೆಗೆ ಮುಟ್ಟುವುದಿಲ್ಲ. ನನ್ನಪ್ಪ ಮಚ್ಛೆಯ ಕನ್ನಡ ಸಾಲೆಯಲ್ಲಿ ಮಾಸ್ತರರು. ಅವರು ಕಲಿಸಿದ ನಾಲ್ಕಕ್ಷರ ಇಂಥದಕ್ಕೆ ಉಪಯೋಗಕ್ಕೆ ಬಂದೀತೆಂದು ಪಾಪ ಅವರಿಗೂ ಗೊತ್ತಿರಲಿಲ್ಲ.

ನಾನು ಇಲ್ಲಿಗೆ ಹೇಗೆ ಬಂದೆ ಎಂಬುದನ್ನು ನಿನಗೆ ಯಾರಾದರೂ ಸರಿಯಾಗಿ ಹೇಳಿದ್ದಾರೋ ಇಲ್ಲವೋ. ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆದ ಮರು ಬೇಸಿಗೆ ಅದು. ಜ್ವರಕ್ಕೆ ನನ್ನ ಮೊದಲ ಗಂಡ ಹೋಗಿದ್ದ, ಅವನ ಹಿಂದೆಯೇ ಎಳೆ ಮಗಳೂ ಹೋದಳು. ನಾನು ತವರಿನ ಹಿತ್ತಲಲ್ಲಿ ಕೂತು ಎದೆಯ ಹಾಲನ್ನು ಮಣ್ಣಿಗೆ ಹಿಂಡುತ್ತಿದ್ದ ದಿನಗಳು. ಆಗ ನಮ್ಮತ್ತೆ ಅಕ್ಕಾತಾಯಿ ಗಾಡಿ ಕಟ್ಟಿಸಿಕೊಂಡು ಬಂದರು. ಹೆಣ್ಣು ನೋಡಲು ಬಂದವರು ಮೂಗು ಕಣ್ಣು ನೋಡುತ್ತಾರೆ, ನಡೆಸಿ ನೋಡುತ್ತಾರೆ. ಇವರು ನನ್ನ ಮುಖದ ಕಡೆಗೂ ನೋಡದೆ ನನ್ನವ್ವನನ್ನು ಕೇಳಿದ್ದು ಒಂದೇ ಮಾತು: "ಎದಿ ಹಾಲ ಇನ್ನೂ ಬತ್ತಿಲ್ಲ ಹೌದಲ್ಲ್ರಿ?"

ನನ್ನವ್ವ ಹೌದೆಂದಳು. ಅಲ್ಲಿಗೆ ಸಂಬಂಧ ಕೂಡಿತು.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಕೂಸಿಗೆ ಅವರು ಆಕಳ ಹಾಲು ಕುಡಿಸಿ ನೋಡಿದ್ದರು, ಕುಡಿದದ್ದನ್ನೆಲ್ಲ ಅದು ಕಕ್ಕುತ್ತಿತ್ತು. ಮೇಕೆಯ ಹಾಲನ್ನು ಹತ್ತಿಯ ಬತ್ತಿಯಲ್ಲಿ ಅದ್ದಿ ತುಟಿಗೆ ಹಿಡಿದಿದ್ದರು, ಅದೂ ದಕ್ಕಲಿಲ್ಲ. ನನ್ನ ವರ್ಷದ ಶೋಕ ಮುಗಿಯಲಿ ಎಂದು ಕಾಯುವಷ್ಟು ಜೀವ ಅದರಲ್ಲಿ ಉಳಿದಿರಲಿಲ್ಲ. ಗಂಡ ಸತ್ತವಳ ಉಡಿಕೆಯ ಮದುವೆಗೆ ವಾದ್ಯವೇ, ದಿಬ್ಬಣವೇ? ಹೊಸ ಸೀರೆ ಉಡಿಸಿದರು, ತಾಳಿ ಕಟ್ಟಿಸಿದರು. ಆಮೇಲೆ ಎರಡನೆಯ ಹೆಂಡತಿಗೆ ಕಟ್ಟುವುದನ್ನೂ ಕಟ್ಟಿದರು. ಬೆಳ್ಳಿಯ ಬಿಲ್ಲೆ, ಅದರ ಮೇಲೆ ತೀರಿಹೋದ ಮೊದಲ ಹೆಂಡತಿಯೆಂದು ಒತ್ತಿದ ಹೆಣ್ಣಿನ ಆಕಾರ, ಕರಿಯ ದಾರ. ನಿನ್ನವ್ವ ಬಾಳವ್ವ ಖಾನಾಪುರದಿಂದ ಅದಕ್ಕೆಂದೇ ಬಂದಿದ್ದಳು. ತನ್ನ ಕೈಯಾರೆ ಅವಳೇ ಕಟ್ಟಿದಳು. ಮನೆಯಲ್ಲಿ ಅದನ್ನು ಯಾರೂ ಬಿಲ್ಲೆ ಎನ್ನಲಿಲ್ಲ, ಹಿರೇಕಿ, ಹಿರಿಯಾಕೆ, ಎಂದರು. ಅಂದರೆ ನೀನು.

"ನನ್ನ ಮಗಳ ಮುಂದ ಆಣಿ ಮಾಡು," ಎಂದಳು ನಿನ್ನವ್ವ. "ಕೂಸು ತಾನಾಗಿ ಬಿಡೂತನಕ ನೀ ಎದಿ ಬಿಡಸಬಾರದು."

"ಬಿಡಸೂದಿಲ್ರಿ," ಎಂದೆ. ಆಗ ಅದೇನು ದೊಡ್ಡ ಮಾತು ಅನಿಸಲಿಲ್ಲ.

ಆ ದಿನ ಉತ್ತಮನನ್ನು ನನ್ನ ತೊಡೆಯ ಮೇಲೆ ಹಾಕಿದರು. ಒಣಗಿದ ಸೌತೆಯ ಮಿಡಿಯ ಹಾಗಿದ್ದ. ಎದೆಗೆ ಬಾಯಿ ಹಾಕಿದವನೇ ಒಂದು ಕೈ ಮೇಲಕ್ಕೆತ್ತಿ ತಡಕಾಡಿ, ನಿನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಹಿಡಿದಮೇಲೆಯೇ ಚೀಪಲು ಶುರುಮಾಡಿದ. ಸುತ್ತ ನಿಂತ ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡು ಅತ್ತರು. ನನಗೆ ಅಳು ಬರಲಿಲ್ಲ, ಮೈ ಜುಮ್ಮೆಂದಿತು. ಹಾಲು ನನ್ನದು, ಹಿಡಿತ ನಿನ್ನದು ಅನಿಸಿತು.

ಅಂದಿನಿಂದ ನಾನು ಒಬ್ಬಳೇ ಇದ್ದ ಗಳಿಗೆ ಇಲ್ಲ. ಹೊಸ ಸೀರೆ ತಂದರೆ ಮೊದಲು ನಿನಗೆ ಮುಟ್ಟಿಸಬೇಕು. ಬಳೆ ಇಡಿಸಿಕೊಂಡರೂ ನಿನಗೆ ತೋರಿಸಿ ಇಡಿಸಿಕೊಳ್ಳಬೇಕು. ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತರೆ ಮೊದಲ ತುತ್ತು ನಿನ್ನ ಹೆಸರಿನಲ್ಲಿ ಎಲೆಯ ಬದಿಗೆ. ನಿನ್ನ ಗಂಡ, ಈಗ ನನ್ನ ಗಂಡ (ಹೆಸರು ಹೇಳಬಾರದೆಂದು ನಿನಗೂ ಕಲಿಸಿರುತ್ತಾರೆ), ರವಿವಾರ ಪೇಟೆಯ ಅಕ್ಕಿ ಅಂಗಡಿಯಿಂದ ಬಂದವರು ನನ್ನ ಜೊತೆ ಮಾತಾಡುವಾಗ ಅವರ ಕಣ್ಣು ನನ್ನ ಗದ್ದದ ಕೆಳಗೆ ನಿಂತಿರುತ್ತಿತ್ತು. ಬಹಳ ದಿನ ಅದನ್ನು ನಾನು ಬೇರೆ ರೀತಿ ತಿಳಿದು ನಾಚಿಕೊಂಡಿದ್ದೆ. ಅವರು ನೋಡುತ್ತಿದ್ದದ್ದು ನಿನ್ನನ್ನು. ನಗಬೇಡ ಅಕ್ಕಾ.

ಕೂಸು ಮಾತ್ರ ತುಂಬಿಕೊಂಡ. ಕೆನ್ನೆ ಬಂತು, ತೊಡೆಯಲ್ಲಿ ಮಡಿಕೆ ಬಿದ್ದವು. ಕುಡಿದಷ್ಟೂ ಹೊತ್ತು ಮುಷ್ಟಿಯಲ್ಲಿ ನೀನು. ಹೊಟ್ಟೆ ತುಂಬಿದ ಮೇಲೆ ಬೆರಳು ಸಡಿಲಿಸಿ ನಿನ್ನನ್ನು ಬಿಡುತ್ತಿದ್ದ, ಆಮೇಲೆ ನಿದ್ದೆ ಹೋಗುತ್ತಿದ್ದ. ಬಿಲ್ಲೆಯ ಮೇಲಿನ ನಿನ್ನ ಮೂಗು ಸವೆದುಹೋಯಿತು.

ಹೋದ ಮಾಘದಲ್ಲಿ ನನಗೆ ತಿಂಗಳು ನಿಂತಿತು. ಸಂತೋಷ ಆಗಬೇಕಾದ ಸುದ್ದಿ. ಮೊದಲು ನನಗೆ ನೆನಪಾದದ್ದು ನಿನ್ನವ್ವನಿಗೆ ಕೊಟ್ಟ ಆಣೆ. ಅತ್ತೆ ಲಕ್ಷಣ ನೋಡಿಯೇ ತಿಳಿದುಕೊಂಡರು. "ಬಸರಿ ಹಾಲ ಕುಡದ್ರ ಕೂಸು ಸೊರಗತೈತಿ. ಎದಿ ಬಿಡಸೂಣು. ಈಗೇನ ದೊಡ್ಡಾಂವ ಆಗ್ಯಾನ, ಆಕಳ ಹಾಲ ದಕ್ಕತೈತಿ," ಎಂದರು. ಅಂದು ಕಕ್ಕಿದ್ದು ಮತ್ತೆ ಕಕ್ಕಿದರೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಬೇವಿನೆಲೆ ಅರೆದು ಎದೆಗೆ ಹಚ್ಚಿಕೊಂಡೆ. ಹಚ್ಚುವ ಮೊದಲು ಅತ್ತೆ ತಾವೇ ಬಂದು ನನ್ನ ಕೊರಳಿನ ದಾರ ಹಿಡಿದು ಬಿಲ್ಲೆಯನ್ನು ಬೆನ್ನಿಗೆ ತಿರುಗಿಸಿದರು, ಕುಬಸದ ಒಳಗೆ ಸೇರಿಸಿದರು. "ಹಿರೇಕಿಗೆ ಕಹಿ ತಾಕಬಾರದವ್ವಾ. ಕೂಸಿನ್ನ ಬಿಡಸೂದ ಆಕಿ ನೋಡಲೂಬಾರದು. ನೋಡಿದ್ರ ಸಿಟ್ಟಾಗ್ತಾಳ," ಎಂದರು. ನನಗೂ ಅದು ಸರಿ ಕಂಡಿತು. ಆಣೆ ಮುರಿಯುವವಳು ಯಾರ ಮುಂದೆ ಆಣೆ ಮಾಡಿದ್ದಳೋ ಅವಳ ಕಣ್ಣೆದುರೇ ಹೇಗೆ ಮುರಿಯುವುದು?

ಉತ್ತಮ ಎದೆಗೆ ಬಾಯಿಟ್ಟು ಮುಖ ಕಿವುಚಿದ. ಮತ್ತೆ ಬರಲಿಲ್ಲ. ಎದೆ ಬಿಡಿಸುವುದು ಇಷ್ಟು ಸಲೀಸೇ ಎಂದುಕೊಂಡೆವು. ಆಕಳ ಹಾಲಿಗೆ ನೀರು ಬೆರೆಸಿ, ಅರಿವೆಯಲ್ಲಿ ಸೋಸಿ, ಕಾಯಿಸಿ, ಚೂರು ಬಜೆ ತೇಯ್ದು ಒಳಲೆಯ ಕೊಕ್ಕನ್ನು ತುಟಿಗೆ ಹಿಡಿದರೆ ಬಾಯಿ ಬಿಗಿಹಿಡಿದ. ಮೂಗು ಹಿಡಿದು ಹಾಕಿದರೆ ಉಗುಳಿದ. ಅವನ ಕೈ ನನ್ನ ಕೊರಳಿನ ಮೇಲೆಲ್ಲ ಓಡಾಡುತ್ತಿತ್ತು, ತಾಳಿಯನ್ನು ಹಿಡಿದು ನೋಡಿ ಬಿಟ್ಟುಬಿಡುತ್ತಿತ್ತು. ಎದೆ ಬೇಡುತ್ತಿದ್ದಾನೆ ಎಂದು ಅತ್ತೆ ಅಂದರು. ನಾನೂ ಹಾಗೇ ತಿಳಿದೆ. ಮಡಿಕೆ ಬಿದ್ದ ತೊಡೆಗಳು ಸಡಿಲಾದವು. ಅಳುವ ದನಿ ಕ್ಷೀಣವಾಯಿತು.

ತಾಯಿಯ ವಾಸನೆ ಇರುವ ಮನೆಯಲ್ಲಿ ಕೂಸು ಎದೆ ಮರೆಯುವುದಿಲ್ಲ ಎಂದು ಅವನನ್ನು ಖಾನಾಪುರಕ್ಕೆ ಕಳಿಸಿದರು. ನಿನ್ನವ್ವ ಆಣೆಯ ಮಾತೆತ್ತದೆ ಕೂಸನ್ನು ಎತ್ತಿಕೊಂಡಳಂತೆ. ಅಲ್ಲಿ ಕೊಟ್ಟಿಗೆಯಲ್ಲಿ ಕೆಂದಾಕಳು ಇದೆಯಲ್ಲ, ನೀನು ಹುಡುಗಿಯಾಗಿದ್ದಾಗ ಕೈಯಾರೆ ಹುಲ್ಲು ತಿನಿಸಿ ಸಾಕಿದ ಕರು, ಅದರ ಹಾಲು. ನಿನ್ನ ಆಕಳು, ನಿನ್ನವ್ವ, ನಿನ್ನ ತವರು. ಇನ್ನೇನು ಬೇಕು ನಿನಗೆ ಎಂದು ನಿನ್ನನ್ನು ಕೇಳಿದೆ. ನೀನು ಬೆನ್ನ ಹಿಂದೆ ಇದ್ದೆ.

ಆ ವಾರ ನಮ್ಮ ಅಂಗಡಿಗೆ ಖಾನಾಪುರದ ಅಕ್ಕಿ ತರುವ ಲಕ್ಷ್ಮಪ್ಪ ಮೂಟೆ ಇಳಿಸುವುದನ್ನೂ ಬಿಟ್ಟು ನೆಟ್ಟಗೆ ಮನೆಗೆ ಬಂದ. ಬಾಗಿಲಲ್ಲೇ ನಿಂತು, "ಕೂಸು ಕಣ್ಣ ತಗಿಯವಲ್ದು. ಬಾಳವ್ವ ಹೇಳ್ಯಾಳ, ಆಕೀನ ಕರಕೊಂಡ ಬರ್ರಿ," ಎಂದ.

ನಾನೂ ಅತ್ತೆಯೂ ರೈಲು ಹತ್ತಿದೆವು. ದೇಸೂರು ದಾಟುವವರೆಗೆ ಅತ್ತೆ ಣಮೋಕಾರ ಜಪಿಸುತ್ತಿದ್ದರು. ನನ್ನ ಬಾಯಲ್ಲಿ ಮಂತ್ರ ಬರಲಿಲ್ಲ. ಬತ್ತಿಸಿದ ಎದೆ ಕಲ್ಲಾಗಿ ನೋಯುತ್ತಿತ್ತು, ಆದರೂ ಆ ದಾರಿಯಲ್ಲಿ ಕುಬಸ ಒದ್ದೆಯಾಯಿತು. ಬೆನ್ನಿನಲ್ಲಿ ನೀನು ತಣ್ಣಗೆ ಅಂಟಿಕೊಂಡಿದ್ದೆ. ನಿನ್ನ ಹಿಂದೆ ಕರೆದುಕೊಂಡು ಹೋಗಲೆಂದೇ ನೀನು ಅವನನ್ನು ತವರಿಗೆ ಕರೆಸಿಕೊಂಡೆ ಎಂಬ ಯೋಚನೆ ಬಂತು. ಮಗನನ್ನು ಬಿಟ್ಟುಹೋದ ತಾಯಿಗೆ ಬೇರೇನು ಬೇಕಿರುತ್ತದೆ? ನಿನ್ನ ಬಗ್ಗೆ ಹಾಗೆ ಯೋಚಿಸಿದೆ, ಅಕ್ಕಾ. ಅಷ್ಟು ಹೆದರಿದ್ದೆ.

ನಿನ್ನವ್ವನ ಪಡಸಾಲೆಯಲ್ಲಿ ಅವನನ್ನು ಕೈಗೆ ಕೊಟ್ಟರು. ತೂಕವೇ ಇರಲಿಲ್ಲ. ಕಹಿಯೂ ಬೇಡ, ಆಣೆಯೂ ಬೇಡ, ಏನಾದರಾಗಲಿ ಎಂದು ಕುಬಸ ಬಿಚ್ಚಿ ಎದೆ ಬಾಯಿಗಿಟ್ಟೆ. ಮುಖ ತಿರುಗಿಸಿದ. ಅವನ ಕೈ ನನ್ನ ಕೊರಳಿಗೆ ಬಂತು, ಕರಿಯ ದಾರವನ್ನು ಹಿಡಿಯಿತು, ಎಳೆಯಿತು. ಇದ್ದ ಬಲವನ್ನೆಲ್ಲ ಹಾಕಿ ಎಳೆಯಿತು. ಬೆನ್ನಿನಿಂದ ನೀನು ಜಾರುತ್ತಾ ಹೆಗಲ ಮೇಲೆ ಬಂದೆ, ಅಲ್ಲಿಂದ ಎದೆಯ ಮೇಲೆ. ಅವನು ನಿನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಾಯಿ ತೆರೆದ.

ಬಾಳವ್ವ ಒಳಲೆ ಹಿಡಿದಳು. ನಿನ್ನ ಕೆಂದಾಕಳ ಹಾಲನ್ನು ಗುಟುಗುಟು ಕುಡಿದ. ಮತ್ತೊಂದು ಒಳಲೆ ಕುಡಿದ. ಕಕ್ಕಲಿಲ್ಲ.

ನಿನಗೆ ಕಾಣಬಾರದೆಂದು ನಿನ್ನನ್ನು ಹಿಂದಕ್ಕೆ ಸರಿಸಿದ್ದು ನಾವು, ಅವನಿಗೆ ನೀನು ಕಾಣದೆ ಹೋದದ್ದು ಅಲ್ಲಿಯತನಕ ನಮ್ಮ ತಲೆಗೆ ಹೊಳೆದಿರಲೇ ಇಲ್ಲ. ಅವನು ಉಳಿದ ಎಂದು ನನಗೆ ಜೀವ ಬಂದಂತಾಯಿತು. ಹೊಟ್ಟೆ ಉರಿಯಿತು ಎನ್ನುವುದೂ ಅಷ್ಟೇ ಖರೆ. ವರ್ಷವೆಲ್ಲ ಕುಡಿಸಿದ ನನ್ನ ಎದೆ ಅಲ್ಲೇ ತೆರೆದುಕೊಂಡಿತ್ತು, ಅವನು ಅದರ ಕಡೆ ನೋಡಲೂ ಇಲ್ಲ.

"ಬಿಚ್ಚಿ ಕೊಡವ್ವಾ," ಎಂದಳು ಬಾಳವ್ವ. "ಗಟ್ಟಿ ಆಗೂತನಕ ತಾಯಿ ಮಗಾ ಇಬ್ರೂ ನನ್ನ ಕಡೆ ಇರಲಿ."

ಅತ್ತೆ ಚೀರಿದರು: "ಬಸರ ಹೆಂಗಸು! ಹಿರೇಕಿನ್ನ ಕೊರಳಿಂದ ತಗದ್ರ ಈಕಿ ಉಳೀತಾಳೇನು?"

ನಾನೇ ದಾರ ಬಿಚ್ಚಿದೆ. ಬಾಳವ್ವನ ಕೊರಳಿಗೆ ನಾನೇ ಕಟ್ಟಿದೆ. ಮಗಳನ್ನು ಎದೆಗೆ ಒತ್ತಿಕೊಂಡು ಅವಳು ಅತ್ತದ್ದು ನಿನಗೆ ಗೊತ್ತಿದೆ, ನೀನು ಅಲ್ಲೇ ಇದ್ದೆ.

ನೀನಿಲ್ಲದ ಬರಿ ಕೊರಳಲ್ಲಿ ಬೆಳಗಾವಿಗೆ ಬಂದೆ. ಇನ್ನು ಸೀರೆ ನನ್ನದು, ತುತ್ತು ನನ್ನದು, ಗಂಡನ ಕಣ್ಣೂ ನನ್ನದು ಎಂದುಕೊಂಡಿದ್ದೆ. ಆದದ್ದೇ ಬೇರೆ. ಎಲೆಯ ಬದಿಗೆ ಮೊದಲ ತುತ್ತು ತಾನಾಗಿ ಹೋಗುತ್ತದೆ. ಬಾವಿಗೆ ಬಗ್ಗಿದರೆ ನೀನು ಕೊಡಕ್ಕೆ ತಾಕಿ ಟಿಣ್ ಎನ್ನುವುದನ್ನು ಕಿವಿ ಕಾಯುತ್ತದೆ. ಇವರು ನನ್ನ ಗದ್ದದ ಕೆಳಗೆ ನೋಡುತ್ತಾರೆ, ಅಲ್ಲಿ ಏನೂ ಇಲ್ಲ, ಎದ್ದು ಅಂಗಡಿಗೆ ಹೋಗುತ್ತಾರೆ. ಒಬ್ಬಳು ಸತ್ತ ಮನೆಗೆ ಬಂದಿದ್ದೆ. ಈಗ ಇಬ್ಬರು ಸತ್ತ ಹಾಗಿದೆ, ಅದರಲ್ಲಿ ನಾನೂ ಒಬ್ಬಳೋ ಏನೋ.

ಹೋದ ವಾರ ಬಾಳವ್ವ ತಾನೇ ಉತ್ತಮನನ್ನು ಕರೆತಂದಳು. ಮೈಕೈ ತುಂಬಿಕೊಂಡಿದ್ದಾನೆ, ನಡೆಯುತ್ತಾನೆ. ಅಲ್ಲಿ ಸುತ್ತಲೂ ಮರಾಠಿ ಆಡುವವರಲ್ಲವೇ, ಹಾಲಿಗೆ "ದೂದ" ಎನ್ನುತ್ತಾನೆ. ನಾನು ಹಿತ್ತಾಳೆಯ ಬಟ್ಟಲಲ್ಲಿ ಹಾಲು ಕೊಟ್ಟೆ. ನನ್ನ ತೊಡೆಯ ಮೇಲೆ ಕೂತೇ ಎರಡೂ ಕೈಯಿಂದ ಹಿಡಿದು ಕುಡಿದ. ಅವನ ಕೈ ನನ್ನ ಕೊರಳಿಗೆ ಬರುತ್ತದೆ, ಅಲ್ಲಿ ನೀನಿಲ್ಲದೆ ಅಳುತ್ತಾನೆ ಎಂದು ನಾನು ಉಸಿರು ಬಿಗಿಹಿಡಿದಿದ್ದೆ. ಬರಲಿಲ್ಲ. ಬಾಳವ್ವ ಎದುರಿಗೇ ಇದ್ದಳು, ನೀನು ಅವಳ ಕೊರಳಲ್ಲಿ ಹೊಳೆಯುತ್ತಿದ್ದೆ, ಅತ್ತ ಕಡೆಗೂ ನೋಡಲಿಲ್ಲ. ಬಟ್ಟಲು ಕೆಳಗಿಟ್ಟು ಬಾಯಿ ಒರೆಸಿಕೊಂಡು ಅಂಗಳಕ್ಕೆ ಓಡಿದ.

ನಮ್ಮಿಬ್ಬರನ್ನೂ ಒಟ್ಟಿಗೇ ಬಿಟ್ಟ, ಅಕ್ಕಾ. ಆಣೆಯೂ ಉಳಿಯಿತು ನೋಡು, ತಾನಾಗಿ ಬಿಟ್ಟ. ಈಗ ಕೊರಳು ತಡಕಾಡುವುದು ನನ್ನ ಕೈ ಒಂದೇ.

ಬಾಳವ್ವ ಹೊರಡುವಾಗ, "ಅವಂಗ ಇನ್ನ ಇದು ಬ್ಯಾಡ. ನನಗ ಇರಲಿ," ಎಂದಳು. ತಾಯಿಗೆ ಬೇಡವೆನ್ನಲು ನನ್ನಿಂದ ಆಗಲಿಲ್ಲ. ಅವಳಿಗೆ ಓದು ಬಾರದು. ಈ ಕಾಗದವನ್ನು ಮಡಿಚಿ ಲಕ್ಷ್ಮಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ, ಕೊರಳಿನ ದಾರಕ್ಕೆ ಕಟ್ಟಿಕೊಳ್ಳಲು ಹೇಳಿಕಳಿಸಿದ್ದೇನೆ. ನೀನು ಓದು. ಓದಿ, ಅವಳ ಕನಸಿಗೆ ಹೋಗಿ, ನನ್ನನ್ನು ತಂಗಿಗೆ ತಿರುಗಿ ಕೊಡು ಎಂದು ಹೇಳು.

ಬಂದುಬಿಡು. ಮಗನಿಗಾಗಿ ಅಲ್ಲ, ನನಗಾಗಿ. ದಸರೆಯ ಸುಮಾರಿಗೆ ನನಗೆ ಹೆರಿಗೆ. ನೀನು ಹೋದ ಕೋಣೆಯಲ್ಲೇ ನನ್ನನ್ನೂ ಮಲಗಿಸುತ್ತಾರೆ. ಬರಿ ಕೊರಳಲ್ಲಿ ಆ ಕೋಣೆಗೆ ಹೋಗಲು ನನಗೆ ಭಯ. ಮುಷ್ಟಿಯಲ್ಲಿ ಹಿಡಿದುಕೊಳ್ಳಲು ನನಗೂ ಏನಾದರೂ ಬೇಕು.

ಉಳಿದರೆ ಈ ಸಲದ ಕೂಸಿಗೂ ನಿನ್ನನ್ನು ಹಿಡಿಯಲು ಕೊಡುತ್ತೇನೆ. ಉಳಿಯದಿದ್ದರೆ ಅತ್ತೆ ಮತ್ತೆ ಗಾಡಿ ಕಟ್ಟಿಸುತ್ತಾರೆ, ಯಾರದೋ ಮನೆಯಲ್ಲಿ ಎದೆ ಹಾಲಿನ ಅದೇ ಮಾತು ಕೇಳುತ್ತಾರೆ. ಆ ಹೆಣ್ಣಿನ ಕೊರಳಲ್ಲಿ ನೀನು ತುಸು ಸರಿದು ನನಗೂ ಜಾಗ ಕೊಡು. ಹಾಲು ಬಿಡಿಸುವ ದಿನ ನಮ್ಮನ್ನು ಬೆನ್ನಿಗೆ ಸರಿಸಬೇಡ ಎಂದು ಇಬ್ಬರೂ ಕೂಡಿ ಅವಳಿಗೆ ಹೇಳೋಣ.

ನಿನ್ನ ಉತ್ತಮ ನೂರ್ಕಾಲ ಬಾಳಲಿ. ನಿನ್ನ ಕೆಂದಾಕಳಿನ ಕೆಚ್ಚಲು ತುಂಬಿರಲಿ.

ಬಾಗಿಲು ತೆರೆದಿಟ್ಟು ನಿನ್ನ ದಾರಿ ಕಾಯುವ,
ನಿನ್ನ ತಂಗಿ,
ಶಾಂತಮ್ಮ